ಸೀನಿಯಾರಿಟಿ ಬಿಡಬ್ಯಾಡ ಮಗಳ

ಅಪ್ಪಾ, ಔರಾದ ಬಸ್ ಡಿಪೋದ ಒಂದನೇ ನಂಬರಿನ ಡ್ರೈವರ್ ಸಾಹೇಬರೇ,

ಡಿಪೋದ ಗೋಡೆಯ ಮೇಲಿದ್ದ ಸೀನಿಯಾರಿಟಿ ಪಟ್ಟಿಯನ್ನು ನೀನು ಬೆರಳಿಟ್ಟು ತೋರಿಸಿದ್ದು ನೆನಪಿದೆಯಾ? ಎಲ್ಲರಿಗಿಂತ ಮೇಲೆ ನಿನ್ನ ಹೆಸರು. ಹಳಬನಿಗೆ ಬೇಕಾದ ರೂಟು, ಹೊಸಬನಿಗೆ ಉಳಿದದ್ದು. ನೀನು ಸಂತಪುರದ ಮೇಲೆ ಬೀದರಿಗೆ ಹೋಗಿ ಸಂಜೆಗೆ ಮನೆ ಸೇರುತ್ತಿದ್ದೆ. "ನೌಕರಿ ಬದಲು ಮಾಡಿದವ ಕಡೀ ನಂಬರಿಗೆ ಬೀಳ್ತಾನ, ನೋಡ" ಅಂದಿದ್ದೆ. ನಾನು ಪೈಲಟ್ ಆದ ಮೇಲೆ, ನಮ್ಮಲ್ಲೂ ಅದೇ ಕಾಯ್ದೆ ಎಂದು ಕೇಳಿ ನಿನಗೆ ಎಷ್ಟು ಹಿಗ್ಗು!

ನಮ್ಮ ವಿಮಾನ ಕಂಪನಿಗೆ ಕೆಟ್ಟ ಕಾಲ ಬಂದಾಗ ಗಲ್ಫಿನ ಕಂಪನಿಯೊಂದು ನನ್ನನ್ನು ಕರೆಯಿತು. ನಿನ್ನನ್ನು ಕೇಳಿದೆ. "ಬ್ಯಾಡ. ಅವ್ರು ನಡುನೀರಾಗ ಇದ್ದಾರ, ಈಗ ಕೈ ಬಿಡಬಾರ್ದು. ಉಂಡ ಮನಿ ಜಂತಿ ಎಣಸಬಾರ್ದು. ಸೀನಿಯಾರಿಟಿ ಬಿಡಬ್ಯಾಡ ಮಗಳ." ನನ್ನ ಜೊತೆ ಹಾರುತ್ತಿದ್ದ ಭಾಲ್ಕಿಯ ಸುನೀತಾ ಗಲ್ಫಿಗೆ ಹೋದಳು. ನಾವಿಬ್ಬರೂ ಅವಳನ್ನು ಗದ್ದಾರ, ದ್ರೋಹಿ ಎಂದು ಬೈದೆವು.

ನೀನು ಬೀದರಿನ ಆಸ್ಪತ್ರೆಯಲ್ಲಿ ಮಲಗಿದಾಗ ರಜೆ ಕೇಳಿದೆ. ಪೈಲಟ್‌ಗಳು ಕಡಿಮೆ ಇದ್ದಾರೆ, ಈ ವಾರ ಆಗುವುದಿಲ್ಲ ಎಂದರು ಮ್ಯಾನೇಜರು. ನೀನಾದರೂ 'ಬಾ' ಅನ್ನಬಾರದಿತ್ತೇ? ಫೋನಿನಲ್ಲಿ ಏದುಸಿರು ಬಿಡುತ್ತಾ ಹೇಳಿದ್ದೇನು? "ಡ್ಯೂಟಿ ಮುಗಿಸಿ ಬಾ. ನಾ ಎಲ್ಲಿ ಓಡಿ ಹೋಗ್ತೇನಿ?" ವಿಮಾನ ಇಳಿಸಿ ಫೋನ್ ಆನ್ ಮಾಡುವಷ್ಟರಲ್ಲಿ ನೀನು ಹೋಗಿದ್ದೆ. ಮರುದಿನ ನಾನು ಬಂದಾಗ ಮಣ್ಣು ಮುಗಿದಿತ್ತು.

ಹದಿನೈದು ದಿನಕ್ಕೆ ನನ್ನನ್ನು ಕೆಲಸದಿಂದ ತೆಗೆದರು. ಹಳಬರಿಗೆ ಸಂಬಳ ಜಾಸ್ತಿ, ಅದಕ್ಕೆ ಮೊದಲು ಹಳಬರು. ನಿನ್ನ ಪಟ್ಟಿಯನ್ನು ಮೇಲಿನಿಂದಲೇ ಹರಿದರಲ್ಲೋ ಅಪ್ಪಾ! ನಾನು ರಜೆ ಕೇಳುವ ಮೊದಲೇ ತೆಗೆಯುವವರ ಪಟ್ಟಿಯಲ್ಲಿ ನನ್ನ ಹೆಸರು ಬರೆದಾಗಿತ್ತಂತೆ. ರುಜು ಆ ಮ್ಯಾನೇಜರದೇ. ಬಸ್ಸಿನ ಬುದ್ಧಿಯನ್ನು ವಿಮಾನಕ್ಕೆ ಹೇಳಿದೆಯಲ್ಲ, ಹುಚ್ಚಾ. ಹೌದು, ಬೈಯುತ್ತಿದ್ದೇನೆ. ಎದ್ದು ಬಂದು ಒಂದು ಏಟು ಹಾಕು. ನಿನ್ನ ಮಾತು ಕೇಳಿದ ನಾನಾದರೂ...

ಈಗ ಸುದ್ದಿ ಕೇಳು. ನಿನ್ನೆ ಅದೇ ಮ್ಯಾನೇಜರು ಫೋನ್ ಮಾಡಿದ್ದರು. ಧಂದೆ ಸುಧಾರಿಸಿದೆಯಂತೆ, ಹೊಸಬಳಾಗಿ ಸೇರಬೇಕಂತೆ. "ನಾಡಿದ್ದು ನಮ್ಮಪ್ಪನ ವರ್ಷದ ಕಾರ್ಯ ಅದರಿ. ಮುಗಿಸಿ ಬರ್ತೇನಿ" ಅಂದೆ. "ಟ್ರೇನಿಂಗ್ ಇರೋದೇ ನಾಡಿದ್ದು. ನೀವಿಲ್ಲದಿದ್ದರೆ ಬೇರೆಯವರು" ಅಂದರು.

ವರ್ಷವಾಯಿತು ಅಪ್ಪಾ, ವಿಮಾನ ಮುಟ್ಟಿ. ಬೀದರಿನ ವಾಯುಪಡೆಯ ವಿಮಾನ ಮನೆಯ ಮೇಲೆ ಹಾದುಹೋದರೆ ರೊಟ್ಟಿ ಬಡಿಯುವ ಕೈ ನಿಂತುಬಿಡುತ್ತದೆ. ಹೀಗೆ ಎಷ್ಟು ದಿನ?

ಯೂನಿಫಾರ್ಮಿಗೆ ಇಸ್ತ್ರಿ ಮಾಡಿದ್ದೇನೆ. ಅವ್ವ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ನಾಳೆಯೂ ನಾನು ನಿನ್ನ ಹತ್ತಿರ ಇರುವುದಿಲ್ಲ. ಡ್ಯೂಟಿ ಅದ.

ನಿನ್ನ ಮಗಳು,
ಕಡೀ ನಂಬರಿನ ರಮಾ