ಮೂರನೆಯ ಸಲ ಹೂಂ ಅನ್ನು

ಜನವರಿ 9, ಶುಕ್ರವಾರ

ಬಟ್ಟೆ ಒಣಹಾಕಿದ್ದಾಯಿತು. ಬೆಂಟುವಿನ ಚಡ್ಡಿ ಕೈಜಾರಿ ಕೆಳಗಿನ ಮನೆಯವರ ಎ.ಸಿ. ಮೇಲೆ ಬಿತ್ತು. ಹೋದ ವಾರದ್ದೂ ಅಲ್ಲೇ ಇದೆ. ಇರಲಿ, ಜೋಡಿಯಾಯಿತು.

ರುಯಿ ಇನ್ನೂ ಹಾಸಿಗೆಯಲ್ಲಿ. ವಾರವಿಡೀ ಮೆಟ್ರೋ ಸುರಂಗದೊಳಗಿರುವ ನನ್ನ ಗಂಡನಿಗೆ ಇಲ್ಲಿ ರಜೆಯ ದಿನವಾದ ಶುಕ್ರವಾರ ಬೆಳಕು ಕಂಡರಾಗುವುದಿಲ್ಲ.

ಕ್ಲಬ್ಬಿನಿಂದ ಫೋನ್ ಬಂದಿತ್ತು — ಕೆಲಸ ಸಿಕ್ಕಿತು! ಫೆಬ್ರವರಿ ಒಂದರಿಂದ. ಪುಟ್ಟ ಮಕ್ಕಳಿಗೆ ಈಜು ಕಲಿಸುವುದು, ಬೆಳಿಗ್ಗೆ ಒಂಬತ್ತರಿಂದ ಒಂದರವರೆಗೆ. ಕೈರೋಗೆ ಬಂದು ನಾಲ್ಕು ವರ್ಷ. ಎಂಜಿನಿಯರ್ ರುಯಿಯ ಹೆಂಡತಿ ಅನ್ನಿಸಿಕೊಂಡಿದ್ದು ಸಾಕು. ಲಿಸ್ಬನ್ನಿನಲ್ಲಿ ನನ್ನ ಕೈಹಿಡಿದು ನೀರಿಗಿಳಿದ ಹುಡುಗರಿಗೆ ಈಗ ಮೀಸೆ ಬಂದಿರಬೇಕು. ನನಗೆ ಮಾತ್ರ ಕೈ ತುರಿಸುತ್ತಲೇ ಇದೆ.

ಕ್ಲಾರಾಗೆ ಆರು ವರ್ಷ, ಸ್ಕೂಲಿದೆ. ಬೆಂಟುವಿನದೇ ಪ್ರಶ್ನೆ. ಮೂರು ವರ್ಷದ ಆಸಾಮಿ, ನರ್ಸರಿ ಬಾಗಿಲಲ್ಲಿ ಅಡ್ಡಬಿದ್ದು ಅತ್ತು, ವಾಂತಿ ಮಾಡಿಕೊಂಡು, ಎರಡು ಕಡೆಯಿಂದ ವಾಪಸಾದವನು. ಅವನನ್ನು ನೋಡಿಕೊಳ್ಳುವವರು ಸಿಗದಿದ್ದರೆ ಕೆಲಸವೂ ಇಲ್ಲ. ಸಿಗುತ್ತಾರೆ. ಈ ಊರಲ್ಲಿ ನನಗೆ ಸಿಗದ್ದು ಯಾವುದಿದೆ?

ಜನವರಿ 11, ಭಾನುವಾರ

ಸಿಕ್ಕಿದರು! ಅದೂ ಗೋಡೆಯಾಚೆ. ಪಕ್ಕದ ಮನೆಯ ಹಿರಿಯಾಕೆ, ಎಲ್ಲರೂ ಟಾಂಟ್, ಅಂದರೆ ಆಂಟಿ, ಅಂತ ಕರೆಯುವ ಸುಹೇರ್‌ಗೆ ಸಿಹಿ ಕೊಟ್ಟು ಸುದ್ದಿ ಹೇಳಿದೆ. ನಾನು ಕೇಳಲೇ ಇಲ್ಲ, ಅವರೇ ಅಂದರು:

"ಬೆಂಟುನ ನನ್ನ ಹತ್ರ ಬಿಡಿ ಮದಾಮ್ ಇನೆಸ್. ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋತೀನಿ."

"ಅಯ್ಯೋ ಬೇಡ ಟಾಂಟ್, ನಿಮಗ್ಯಾಕೆ ತೊಂದರೆ."

"ತೊಂದರೆ ಏನ್ ಬಂತು? ಅವನೇನು ಬರೀ ನಿಮ್ಮೊಬ್ಬರ ಮಗನಾ?"

"ಬೇಡ ಟಾಂಟ್, ತುಂಬಾ ತುಂಟ ಅವನು..."

"ದೇವರಾಣೆ, ಬಿಡಲೇಬೇಕು!"

ಆಗ ಹೂಂ ಅಂದೆ. ನನ್ನದೊಂದು ಲೆಕ್ಕವಿದೆ. ಇಲ್ಲಿಯ ಜನ ಮೊದಲ ಸಲ ಹೇಳುವುದು ಮರ್ಯಾದೆಗೆ, ಎರಡನೆಯ ಸಲ ಅಭ್ಯಾಸಬಲಕ್ಕೆ, ಮೂರನೆಯ ಸಲ ಮನಸ್ಸಿನಿಂದ. ಅಲ್ಲಿಯವರೆಗೆ ಬೇಡ ಅನ್ನುತ್ತಿರಬೇಕು. ಮೇಲಿನ ಮಹಡಿಗೆ ಹೊಸದಾಗಿ ಬಂದ ಡಚ್ ಹುಡುಗಿಗೆ ಇದು ಗೊತ್ತಿರಲಿಲ್ಲ. "ದುಡ್ಡು ಬೇಡ, ಬಿಡಿ ಮದಾಮ್" ಅಂದ ಟ್ಯಾಕ್ಸಿಯವನಿಗೆ ಥ್ಯಾಂಕ್ಯೂ ಹೇಳಿ ಇಳಿದುಬಿಟ್ಟಳಂತೆ. ಪಾಪ, ಅವನು ಲಿಫ್ಟ್‌ವರೆಗೂ ಅಟ್ಟಿಸಿಕೊಂಡು ಬಂದ. ಸಂಜೆ ಅವಳನ್ನು ಕೂರಿಸಿಕೊಂಡು ಪಾಠ ಹೇಳಿದೆ. ಕ್ಲಾರಾಳೂ ಪಕ್ಕದಲ್ಲೇ ಕೂತು ಕೇಳಿದಳು. ಕೇಳಲಿ, ಮಕ್ಕಳಿಗೂ ಗೊತ್ತಿರಬೇಕು.

ಕ್ಲಬ್ಬಿಗೆ ಬರುತ್ತೇನೆಂದು ಹೇಳಿ ಸಹಿ ಹಾಕಿಯೂ ಆಯಿತು.

ಜನವರಿ 14, ಬುಧವಾರ

ಕ್ಲಾರಾ ಆಮೆ ಹೊತ್ತುಕೊಂಡು ಬಂದಳು! ಟಾಂಟ್ ಸುಹೇರ್ ಮನೆಯ ಸಿಮ್‌ಸಿಮ್. ಅವರ ಯಜಮಾನರು ಹಾಜಿ ಶೌಕಿ ವರ್ಷಗಳಿಂದ ಬಾಲ್ಕನಿಯಲ್ಲಿ ಸಾಕಿರುವುದು.

"ಸಿಮ್‌ಸಿಮ್ ಇನ್ಮೇಲೆ ನಮ್ಮೋನು ಮಮ್ಮಾ."

"ಯಾರೇ ಕೊಟ್ಟಿದ್ದು?"

"ಹಾಜಿ. ಎಷ್ಟು ಚೆನ್ನಾಗಿದಾನೆ ಅಂದೆ. ತಗೋ, ನಿಂದೇ ಅಂದ್ರು. ಬೇಡ ಅಂದೆ. ತಗೋ ಅಂದ್ರು. ಬೇಡ ಅಂದೆ. ತಗೋ ಮಗಳೇ, ನಿಂಗಿಂತ ಹೆಚ್ಚಾ ಅಂದ್ರು. ಮೂರು ಸಲ ಆಯ್ತಲ್ಲ, ತಗೊಂಡೆ."

ಮಗಳನ್ನು ಎತ್ತಿ ಮುದ್ದಾಡಿದೆ. ಎಂಥ ಚುರುಕು! ಈ ಮಣ್ಣಿನಲ್ಲೇ ಹುಟ್ಟಿದ ಮಗುವಿನ ಹಾಗೆ ನಡೆದುಕೊಂಡಿದ್ದಾಳೆ. ರುಯಿ ಮಾತ್ರ ತಲೆ ಕೆರೆದುಕೊಂಡ. "ವಾಪಸ್ ಕೊಡೋದಲ್ವಾ ಇನೆಸ್?"

"ನೀನು ಸುರಂಗ ತೋಡು, ಜನರ ವಿಷಯ ನನಗೆ ಬಿಡು" ಅಂದೆ.

ಜನವರಿ 17, ಶನಿವಾರ

ಸಿಮ್‌ಸಿಮ್ ತಿನ್ನುತ್ತಿಲ್ಲ. ಲೆಟ್ಯೂಸ್ ಕೊಟ್ಟೆ. ಟೊಮೇಟೊ ಕೊಟ್ಟೆ. ಬೆಂಟು ತನ್ನ ಬಿಸ್ಕತ್ತು ಕೊಟ್ಟ. ಅವನೇ ತಾನಾಗಿ ಒಂದು ಬಿಸ್ಕತ್ತು ಬಿಟ್ಟುಕೊಟ್ಟಿದ್ದು ಇದೇ ಮೊದಲು. ಊಹೂಂ. ವಾಷಿಂಗ್ ಮೆಷಿನ್ ಹಿಂದೆ ಹೋಗಿ ತಲೆ ಒಳಗೆಳೆದುಕೊಂಡು ಕೂತಿದೆ. ಕ್ಲಾರಾ ನೆಲದ ಮೇಲೆ ಬೋರಲು ಮಲಗಿ ಕಾಯುತ್ತಿದ್ದಾಳೆ.

ಚಳಿಗಿರಬೇಕು. ಆಮೆಗಳಿಗೆ ಚಳಿ ಆಗದು ಅಂತ ಎಲ್ಲೋ ಓದಿದ್ದೇನೆ.

ಜನವರಿ 20, ಮಂಗಳವಾರ

ಇವತ್ತು ನೋಡಿದ್ದನ್ನು ಬರೆಯಬೇಕು.

ಸಂಜೆ ಬಟ್ಟೆ ತೆಗೆಯಲು ಬಾಲ್ಕನಿಗೆ ಹೋದೆ. ಎರಡೂ ಮನೆಯ ಬಾಲ್ಕನಿಗಳ ನಡುವೆ ಇರುವುದು ಮಂಡಿಯೆತ್ತರದ ಗೋಡೆ. ಆಚೆ ಹಾಜಿ ಶೌಕಿ ಕುರ್ಚಿಯಲ್ಲಿ ಕೂತಿದ್ದರು. ಸೌತೆಕಾಯಿ ಸಿಪ್ಪೆ ಹೆರೆದು, ತೆಳ್ಳಗೆ ಬಿಲ್ಲೆ ಮಾಡಿ, ತಟ್ಟೆಗೆ ಹಾಕಿ, ತಟ್ಟೆಯನ್ನು ಕಾಲ ಬಳಿ ನೆಲಕ್ಕಿಟ್ಟರು. ಇಟ್ಟಮೇಲೆ ನೆನಪಾಗಿರಬೇಕು. ಸುಮ್ಮನೆ ನಮ್ಮ ಕಡೆ ನೋಡಿದರು. ನನ್ನನ್ನು ಕಂಡು ಗಡಿಬಿಡಿಯಲ್ಲಿ ತಟ್ಟೆ ಎತ್ತಿಕೊಂಡು ತಾವೇ ಒಂದು ಬಿಲ್ಲೆ ಬಾಯಿಗೆ ಹಾಕಿಕೊಂಡರು.

"ಚೆನ್ನಾಗಿದಾನಾ ಹುಡುಗ?" ಅಂದರು.

"ಚೆನ್ನಾಗಿದಾನೆ ಹಾಜಿ." ಸುಳ್ಳು.

"ಕತ್ತಲಾದ್ಮೇಲೆ ಉಣ್ಣೆ ಟೋಪಿಯೊಳಗೆ ಇಟ್ರೆ ಅವನಿಗೆ ಹಿತ" ಅಂದರು. ಟೋಪಿ ಅವರ ತೊಡೆಯ ಮೇಲೇ ಇತ್ತು. ಹಳೆಯದು, ಕಂದು ಬಣ್ಣದ್ದು.

ನಾಚಿಕೆಯಿಂದ ನೆಲಕ್ಕಿಳಿದು ಹೋದೆ. ಮಗು ಬೇಡ ಅಂದಷ್ಟೂ ಸಲ ಆ ಮನುಷ್ಯ ಇನ್ನೊಮ್ಮೆ ತಗೋ ಅನ್ನಲೇಬೇಕಾಯಿತು. ನಾವು ಬೇಡ ಬೇಡ ಅಂತ ಮರ್ಯಾದೆ ತೋರಿಸುತ್ತ ಅವರನ್ನು ಮೂಲೆಗೆ ತಳ್ಳಿದ್ದೇವೆ. ನನ್ನ ಲೆಕ್ಕವೇ ತಪ್ಪು.

ಆಮೇಲೆ ಇನ್ನೊಂದು ಹೊಳೆಯಿತು. ಬೆಂಟು? ಟಾಂಟ್ ಸುಹೇರ್ ಅವನನ್ನು ಬಿಡಿ ಅಂದದ್ದೂ ಹೀಗೇ ತಾನೆ? ನಾನು ಬೇಡ ಬೇಡ ಅನ್ನುತ್ತಾ ಹೋದೆ, ಅವರು ದೇವರಾಣೆ ಹಾಕಿದರು. ಅವತ್ತಿನಿಂದ ಒಂದು ದಿನವೂ ಆ ಮಾತೆತ್ತಿಲ್ಲ.

ಜನವರಿ 23, ಶುಕ್ರವಾರ

ಉಪಾಯ ಹೂಡಿದೆ. ಟಾಂಟ್ ಸುಹೇರ್‌ರನ್ನು ಚಹಾಕ್ಕೆ ಕರೆದೆ. ಆಮೆಯನ್ನು ಸೋಫಾದ ಪಕ್ಕದಲ್ಲೇ ಇಟ್ಟೆ. ಅವರು ಏನಾದರೂ ಚೆನ್ನಾಗಿದೆ ಅಂದರೆ ಸಾಕು, ತಗೊಳ್ಳಿ ನಿಮ್ಮದೇ ಅಂತ ಕೈಗಿಟ್ಟುಬಿಡುವುದು. ಅವರ ಆಟ ಅವರಿಗೇ.

ಕೇಕ್ ಚೆನ್ನಾಗಿದೆ ಅಂದರು. ಪರದೆ ಚೆನ್ನಾಗಿದೆ ಅಂದರು. ಬೆಂಟುವಿನ ಕೆನ್ನೆ ಹಿಂಡಿ ಮಾಶಾಅಲ್ಲಾಹ್ ಅಂದರು. ಆಮೆಯ ಕಡೆ ಕತ್ತು ತಿರುಗಿಸಲಿಲ್ಲ. ಕೊನೆಗೆ ನಾನೇ ಬಾಯಿಬಿಟ್ಟೆ.

"ಟಾಂಟ್, ಸಿಮ್‌ಸಿಮ್‌ನ ಕರ್ಕೊಂಡು ಹೋಗ್ತೀರಾ? ಇಲ್ಲಿ ಜಾಗ ಸಾಲದು."

"ಛೆ ಛೆ! ಮಗುಗೆ ಕೊಟ್ಟಿದ್ದು ಕೊಟ್ಟಂಗೆ. ವಾಪಸ್ ಇಸ್ಕೊಂಡ್ರೆ ಹಾಜಿಗೆ ಅವಮಾನ ಅಲ್ವಾ ಮದಾಮ್ ಇನೆಸ್?"

ಸೋತೆ. ಹೋಗುವಾಗ ಮೆಲ್ಲಗೆ, "ಒಂದನೇ ತಾರೀಕು ಹತ್ರ ಬಂತು ಟಾಂಟ್" ಅಂದೆ. "ಇನ್ಶಾಅಲ್ಲಾಹ್" ಅಂದರು. ಇನ್ನೊಂದು ತುಂಡು ಕೇಕ್ ಕೈಯಲ್ಲಿ ಹಿಡಿದು ಹೋದರು. ಇನ್ಶಾಅಲ್ಲಾಹ್! ದೇವರು ಬಯಸಿದರೆ ಅಂತೆ! ಇದನ್ನಿಟ್ಟುಕೊಂಡು ನಾನೇನು ಮಾಡಲಿ?

ಜನವರಿ 26, ಸೋಮವಾರ

ಟಾಂಟ್ ಸುಹೇರ್ ಮನೆಯಿಂದ ಬೆಳಿಗ್ಗೆ ಬೈಗುಳದ ಮಳೆ. ಮದುವೆಯಾದ ಮಗಳು ರಿಹಾಮ್ ಬಂದಿದ್ದಳು. ಅವಳಿಗೇ ಬೈಗುಳ: ಅನ್ನ ಮುದ್ದೆ ಮಾಡಿದ್ದಕ್ಕೆ, ತೆಳು ಕೋಟು ಹಾಕಿದ್ದಕ್ಕೆ, ಫೋನ್ ಎತ್ತದ್ದಕ್ಕೆ. ಮೆಟ್ಟಿಲಲ್ಲಿ ಸಿಕ್ಕಾಗ ಸಮಾಧಾನ ಹೇಳಲು ಹೋದೆ. ನಕ್ಕುಬಿಟ್ಟಳು.

"ಅಮ್ಮ ನಿಮಗೆ ಯಾವತ್ತಾದ್ರೂ ಬೈದಿದ್ದಾರಾ?"

"ಇಲ್ವಲ್ಲ! ನಾಲ್ಕು ವರ್ಷದಲ್ಲಿ ಒಂದು ಬಿರುಸು ಮಾತಿಲ್ಲ." ಹೆಮ್ಮೆಯಿಂದಲೇ ಹೇಳಿದೆ.

"ಹಾಗಾದ್ರೆ ನೀವಿನ್ನೂ ಅತಿಥಿ" ಅಂದಳು. "ಅತಿಥಿ ಏನ್ ಕೇಳಿದ್ರೂ ಅಮ್ಮ ಹೂಂ ಅಂತಾರೆ. ಬೈಯೋದು ಮನೆಯೋರಿಗೆ ಮಾತ್ರ."

ಕೆಳಗಿಳಿದು ಹೋದಳು. ನಾನು ತರಕಾರಿ ಚೀಲ ಹಿಡಿದು ಅಲ್ಲೇ ನಿಂತಿದ್ದೆ.

ಜನವರಿ 31, ಶನಿವಾರ

ನಾಳೆ ಕೆಲಸ. ಬೇರೆ ಯಾರೂ ಸಿಕ್ಕಿಲ್ಲ. ಸಿಮ್‌ಸಿಮ್ ಅರ್ಧ ಎಲೆ ಕಚ್ಚಿ ಬಿಟ್ಟಿದೆ.

ಕ್ಲಾರಾಳನ್ನು ಕೂರಿಸಿಕೊಂಡು, ಹಾಜಿಗೆ ಸಿಮ್‌ಸಿಮ್‌ನ ಕೊಡೋ ಮನಸ್ಸಿರಲಿಲ್ಲ ಅಂತ ಹೇಳಿದೆ.

"ಮೂರು ಸಲ ಹೇಳಿದ್ರು ಮಮ್ಮಾ. ನೀನೇ ಹೇಳ್ಕೊಟ್ಟಿದ್ದು."

"ನಾನು ಹೇಳ್ಕೊಟ್ಟಿದ್ದು ತಪ್ಪು ಪುಟ್ಟಾ."

ತುಂಬ ಅತ್ತಳು. ನನಗೂ ಅಳು ಬಂತು. ಮೂಗೊರೆಸಿಕೊಂಡು ಅಂದಳು: "ಇಲ್ಲಿ ಅವನು ತಿನ್ನೋದೂ ಇಲ್ಲ. ನಾಳೆ ಬೆಂಟು ಜೊತೆ ಕಳಿಸು. ಸಿಮ್‌ಸಿಮ್ ಇದ್ರೆ ಬೆಂಟು ಅಳಲ್ಲ."

ಹುಡುಗಿ ತಮ್ಮನ ಚಿಂತೆಯಲ್ಲಿ ಅಂದದ್ದು. ನನಗೆ ದಾರಿ ಕಾಣಿಸಿತು.

ಫೆಬ್ರವರಿ 1, ಭಾನುವಾರ

ಒಂದು ಕೈಯಲ್ಲಿ ಬೆಂಟು, ಇನ್ನೊಂದರಲ್ಲಿ ಆಮೆ. ಬೆಲ್ ಒತ್ತಿದೆ.

"ಬನ್ನಿ ಬನ್ನಿ ಮದಾಮ್ ಇನೆಸ್, ಮನೆಗೆ ಬೆಳಕು ಬಂತು!" ಮಾತೆಲ್ಲ ಜೇನು.

"ಸಿಮ್‌ಸಿಮ್ ಪಕ್ಕದಲ್ಲಿ ಇಲ್ಲದಿದ್ರೆ ಇವನು ಊಟ ಮಾಡಲ್ಲ ಟಾಂಟ್. ದಯವಿಟ್ಟು ಅವನೂ ಇಲ್ಲೇ ಇರಲಿ." ಕಣ್ಣು ಮಿಟುಕಿಸದೆ ಹೇಳಿದೆ. ಬೆಂಟು ಏನು ಕೊಟ್ಟರೂ ತಿನ್ನುವ ಪ್ರಾಣಿ.

ಹಾಜಿ ಒಳಗಿನಿಂದ ಬಂದರು. "ಮಗುಗೋಸ್ಕರ ಅಂದ್ರೆ ಇರಲಿ" ಅಂದರು. ಎರಡೂ ಕೈಯಲ್ಲಿ ಆಮೆಯನ್ನು ತೆಗೆದುಕೊಂಡು ಆ ಕಡೆ ತಿರುಗಿದರು. ಮುಖ ಕಾಣಲಿಲ್ಲ.

ಬೆಂಟು ಅಳಲಿಲ್ಲ! ಆಮೆಯ ಹಿಂದೆ ಹೋದ, ತಿರುಗಿಯೂ ನೋಡಲಿಲ್ಲ.

ನೀರಿಗಿಳಿದಾಗ ಎಲ್ಲ ಮರೆತೆ. ನನ್ನ ಕುತ್ತಿಗೆಗೆ ಜೋತುಬಿದ್ದು ಕಿರುಚುತ್ತಿದ್ದ ಒಂದು ಪುಟಾಣಿ ಕೊನೆಗೆ ಕೈಬಿಟ್ಟು ತೇಲಿತು. ಈ ಕೆಲಸ ನನ್ನದು. ಬಿಡಲಾರೆ.

ಮಧ್ಯಾಹ್ನ ಹೋದಾಗ ಬೆಂಟು ಸೋಫಾ ಮೇಲೆ ನಿದ್ದೆ. ಸಿಮ್‌ಸಿಮ್ ಟೋಪಿಯೊಳಗೆ, ಪಕ್ಕದಲ್ಲಿ ಖಾಲಿ ತಟ್ಟೆ. ಕರೆದುಕೊಂಡು ಹೋಗಿ ಅಂತ ಅವರು ಅನ್ನಲಿಲ್ಲ, ನಾನೂ ಕೇಳಲಿಲ್ಲ. ಕ್ಲಾರಾ ಸ್ಕೂಲಿಂದ ಬಂದು ಅಲ್ಲಿಗೇ ಓಡಿದಳು.

"ಹುಡುಗ ತೊಂದರೆ ಕೊಟ್ನಾ ಟಾಂಟ್?"

"ದೇವರಂಥ ಹುಡುಗ ಮದಾಮ್ ಇನೆಸ್."

ಬೆಂಟುವೇ? ದೇವರಂಥವನೇ? ಸೋಫಾ ದಿಂಬಿನ ಮೇಲೆ ಪೆನ್ನಿನ ಗೀಟು ನಾನೇ ನೋಡಿದೆ.

ಫೆಬ್ರವರಿ 5, ಗುರುವಾರ

ವಾರವೆಲ್ಲ ಜೇನೇ. ಏನೂ ತೊಂದರೆಯಿಲ್ಲ ಮದಾಮ್ ಇನೆಸ್. ನಮ್ಮ ಭಾಗ್ಯ ಮದಾಮ್ ಇನೆಸ್. ನಿನ್ನೆ ಬೆಂಟು ಅವರ ಹೂಜಿ ಒಡೆದ. "ಒಡೀಲಿ ಬಿಡಿ, ಹಳೇದು." ಒಂದು ಮಾತು ಬೈದಿದ್ದರೆ ನಿದ್ದೆ ಬರುತ್ತಿತ್ತು.

ಅವರ ಬಾಯಿಂದ ಬೇಡ ಅನ್ನಿಸುವುದು ಆಗದ ಕೆಲಸ. ನಾನೇ ಬಿಡಿಸಬೇಕು. ಕ್ಲಬ್ಬಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಒಬ್ಬಾಕೆಯ ನಂಬರ್ ಸಿಕ್ಕಿದೆ. ಬೆಂಟು ಅತ್ತರೆ ಅಳಲಿ. ಆಗದಿದ್ದರೆ... ಆಗದಿದ್ದರೆ ಕೆಲಸ ಬಿಡುವುದು. ಮುದುಕಿಯ ಮರ್ಯಾದೆಯ ಮೇಲೆ ಕೂತು ನಾನು ಈಜು ಕಲಿಸಲಾರೆ. ನಾಳೆ ಹೇಳಿಬಿಡುತ್ತೇನೆ.

ಫೆಬ್ರವರಿ 6, ಶುಕ್ರವಾರ

ಬಾಲ್ಕನಿಯಲ್ಲಿ ಕೂತಿದ್ದೇನೆ. ರುಯಿ ಮಲಗಿದ್ದಾನೆ. ಹೇಗೆ ಶುರುಮಾಡುವುದು ಅಂತ ಬರೆದು ನೋಡುತ್ತಿದ್ದೇನೆ. ಟಾಂಟ್, ಇಷ್ಟು ದಿನ ನೀವು ಮಾಡಿದ್ದು ದೊಡ್ಡದು, ಇನ್ನು ನಿಮಗೆ ತೊಂದರೆ ಕೊಡ—

ಗೋಡೆಯಾಚೆಯಿಂದ ಸಿಡಿಲು. ಈಗ ತಾನೆ. ಒಂದಕ್ಷರ ಬಿಡದೆ ಬರೆಯುತ್ತೇನೆ.

"ಏ ಇನೆಸ್! ಬುದ್ಧಿ ಎಲ್ಲಿಟ್ಟಿದೀಯೇ? ಈ ಚಳೀಲಿ ಹುಡುಗ ಬರಿಗಾಲಲ್ಲಿ ಟೈಲ್ಸ್ ಮೇಲೆ ಓಡಾಡ್ತಿದಾನೆ, ನೀನು ಬರ್ಕೊಂಡು ಕೂತಿದೀಯಾ? ನಿನ್ನೆನೂ ಬನಿಯನ್ ಇಲ್ದೆ ಕಳಿಸಿದ್ದೆ, ನೋಡ್ಲಿಲ್ಲ ಅನ್ಕೊಂಡ್ಯಾ? ತಾಯಿಯಂತೆ ತಾಯಿ! ಅವನ ಪಾಲಿನ ಫೂಲ್, ಬೇಯಿಸಿದ ಕಾಳು, ಆರಿ ಕಲ್ಲಾಗ್ತಿದೆ. ಹುಡುಗ ಬರೋವರೆಗೂ ತಟ್ಟೆ ಮುಟ್ಟಲ್ಲ ಅಂತ ಹಾಜಿ ಹಸ್ಕೊಂಡು ಕೂತಿದಾರೆ. ಶುಕ್ರವಾರ ಆದ್ರೆ ಹೊಟ್ಟೆಗೆ ರಜಾನಾ? ಕಳಿಸೇ ಈ ಕಡೆ!"

ಬೈದರು. ನನಗೆ. ಟಾಂಟ್ ಸುಹೇರ್ ನನಗೆ ಬೈದರು! ಕಣ್ಣಲ್ಲಿ ನೀರು, ನಗು ತಡೆಯಲಾಗುತ್ತಿಲ್ಲ. ರುಯಿಯನ್ನು ಎಬ್ಬಿಸಿ ಹೇಳಬೇಕು. ಆ ನಂಬರ್ ಚೀಟಿ ಹರಿದು ಬಿಸಾಡಬೇಕು. ಮತ್ತೆ ಕೂಗುತ್ತಿದ್ದಾರೆ. ಮೊದಲು ಬೆಂಟುವಿನ ಸಾಕ್ಸ್. ಒಂದು ಕುರ್ಚಿ ಕೆಳಗೆ ಸಿಕ್ಕಿತು, ಇನ್ನೊಂದು—