ಅಣ್ಣನ ಸೈಕಲ್ಲಿಗೆ ಬಿಳಿ ಬಣ್ಣ ಬೇಡ

ಸಂಚಾರ ವಿಭಾಗದ ಮಾನ್ಯ ಅಧಿಕಾರಿಗಳೇ,

ಸತ್ತುಹೋದ ನಮ್ಮ ಅಣ್ಣನ ಸೈಕಲ್ಲಿಗೆ ಬಿಳಿ ಬಣ್ಣ ಹೊಡೆಸುವ ಆಸೆ ತಮಗೆ ಇದ್ದಕ್ಕಿದ್ದ ಹಾಗೆ ಯಾಕೆ ಬಂತು? ತೆಲುಗಿನಲ್ಲಿ ಬರೆದುಕೊಟ್ಟ ಅರ್ಜಿಗಳಿಗೆ ಉತ್ತರ ಬರಲಿಲ್ಲ. ಅದಕ್ಕೇ ಸಿಟ್ಟು ಬಂದಾಗ ನನ್ನ ಬಾಯಿಗೆ ಬರುವ ಕನ್ನಡದಲ್ಲೇ ಕೇಳುತ್ತಿದ್ದೇನೆ. ಓದಿ ಹೇಳುವವರು ತಮ್ಮ ಕಚೇರಿಯಲ್ಲಿ ಯಾರಾದರೂ ಇದ್ದೇ ಇರುತ್ತಾರೆ.

ಅಣ್ಣ ದ್ಯಾವಪ್ಪ ನಾಚಾರಂನ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ. ಹೋದ ಚಳಿಗಾಲದಲ್ಲಿ, ಹೊತ್ತು ಮುಳುಗಿದ ಮೇಲೆ ಮನೆಗೆ ಬರುವಾಗ, ಹಿಂದಿನಿಂದ ಬಂದ ಲಾರಿ ಹ್ಯಾಂಡಲ್ಲಿಗೆ ತಾಗಿ ಕೆಡವಿತು. ಅಲ್ಲೇ ಸತ್ತ. ಹೀಗೆ ಸತ್ತವರ ನೆನಪಿಗೆ ನಗರದ ಸೈಕಲ್ ಸವಾರರು ವರ್ಷಕ್ಕೊಮ್ಮೆ ಸೇರಿ, ಮಾತಾಡದೆ, ಗಂಟೆ ಬಾರಿಸದೆ, ಅವರು ಬಿದ್ದ ಜಾಗಗಳನ್ನು ಹಾದು ಹೋಗುತ್ತಾರೆ. ಹೋದ ಸಲ ತಾವು ಅನುಮತಿ ಕೊಡಲಿಲ್ಲ, ಸಂಚಾರಕ್ಕೆ ಅಡಚಣೆಯಂತೆ! ಈ ಸಲ ನೋಡಿದರೆ ಹಸಿರು ಬಾವುಟ ಬೀಸಲು ತಾವೇ ಬರುತ್ತೀರಿ. ಟೀ ಶರ್ಟು ತಮ್ಮದು, ಬಾಳೆಹಣ್ಣು ತಮ್ಮದು. ದಾರಿಯೂ ತಮ್ಮದೇ, ನಾಚಾರಂ ಬಿಟ್ಟು ನಗರದ ಇನ್ನೊಂದು ತುದಿಯ ಗಚ್ಚಿಬೌಲಿಯ ನುಣ್ಣನೆ ರಸ್ತೆ. ಅಣ್ಣ ಆ ಕಡೆ ಒಂದು ದಿನವೂ ಸೈಕಲ್ ತುಳಿದವನಲ್ಲ ಸ್ವಾಮಿ.

ಅದನ್ನೂ ನುಂಗಿಕೊಳ್ಳುತ್ತಿದ್ದೆವು. ಆದರೆ ಮೊನ್ನೆ ತಮ್ಮ ಹೆಡ್ ಕಾನ್‌ಸ್ಟೇಬಲ್ ಬಣ್ಣದ ಡಬ್ಬಿ ಸಮೇತ ಮನೆಗೆ ಬಂದು, ಸೈಕಲ್ ಕೊಡಿ, ಬಿಳಿ ಬಣ್ಣ ಹೊಡೆದು ಸ್ಮಾರಕ ಮಾಡುತ್ತೇವೆ ಎಂದು ಭಾಳ ಮೆತ್ತಗೆ ಕೇಳಿದರು. ಅಣ್ಣನ ಹೆಂಡತಿ ಪಾರ್ವತೆಮ್ಮ ವೈನಿ ಬಾಗಿಲಿಗೆ ಅಡ್ಡ ನಿಂತಳು.

“ಹಿಂದಿನ ಮಡ್‌ಗಾರ್ಡಿಗೂ ಹೊಡೀತೀರೇನ್ರಿ?”

ಪೂರ್ತಿ ಹೊಡೆಯುತ್ತೇವೆ ಎಂದರು.

“ಹಂಗಾರ ಬ್ಯಾಡ್ರಿ. ನಿಮ್ಮ ಮರ್ಯಾದಿ ನಿಮಗ ಇರಲಿ.”

ಯಾಕೆಂದರೆ ಆ ಮಡ್‌ಗಾರ್ಡಿನ ಮೇಲೆ ಕೆಂಪು ರಿಫ್ಲೆಕ್ಟರ್ ಇದೆ. ಆಯುಧಪೂಜೆಗೆ ಸೈಕಲ್ಲನ್ನೂ ತೊಳೆದು ವಿಭೂತಿ ಹಚ್ಚುವ ಜನ ನಾವು. “ಹಿಂದ ಬರೋರಿಗೆ ಕಾಣಬೇಕಲ್ಲರಿ” ಎಂದು ವೈನಿಯೇ ಅಣ್ಣ ಸಾಯುವ ಮುಂಚಿನ ಹಬ್ಬಕ್ಕೆ ಅದನ್ನು ಹಾಕಿಸಿ, ಪಕ್ಕದಲ್ಲಿ ಕುಂಕುಮ ಇಟ್ಟಿದ್ದಳು. ಹ್ಯಾಂಡಲ್ ಸೊಟ್ಟಗಾದರೂ ಅದು ಹಾಗೇ ಉಳಿದಿದೆ. ತಮ್ಮ ವರದಿ ಏನು ಹೇಳುತ್ತದೆ? ಸೈಕಲ್ಲಿಗೆ ಹಿಂದೆ ರಿಫ್ಲೆಕ್ಟರ್ ಇರಲಿಲ್ಲ, ಚಾಲಕನಿಗೆ ಕಾಣಲಿಲ್ಲ, ಸವಾರನದೇ ತಪ್ಪು! ಇದನ್ನು ಬರೆದವರು ಸೈಕಲ್ ನೋಡಿದ್ದರೋ, ಲಾರಿ ಮಾಲೀಕರ ಮುಖ ನೋಡಿದ್ದರೋ? ಸೈಕಲ್ಲನ್ನು ಕೋರ್ಟಿಗೇ ತಂದು ತೋರಿಸುತ್ತೇವೆ ಎಂದು ನಮ್ಮ ವಕೀಲರು ಹೇಳಿದ್ದು ಹೋದ ತಿಂಗಳು. ತಮಗೆ ಸತ್ತವರ ಮೇಲೆ ಭಕ್ತಿ ಹುಟ್ಟಿದ್ದು ಅದಾದ ಮೇಲೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಯಾಕೆ ಮುಟ್ಟಿಕೊಳ್ಳುತ್ತೀರಿ? ನನ್ನ ಅನುಮಾನ ತಪ್ಪಾಗಿದ್ದರೆ ಸಂತೋಷ, ತಪ್ಪೆಂದು ತೋರಿಸಿ. ಅಣ್ಣ ಹೋದ ದುಃಖ ಒಂದು ಕಡೆ. ತಪ್ಪು ಅವನದೇ ಎಂದು ಬರೆದದ್ದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಹಾಗಾಗಿ ಕೇಳಿಕೊಳ್ಳುವುದು ಇಷ್ಟು. ಭಾನುವಾರದ ಸವಾರಿ ನಾಚಾರಂ ದಾರಿಯಲ್ಲೇ, ಹೊತ್ತು ಮುಳುಗಿದ ಮೇಲೆ ಹೋಗಲಿ. ವೈನಿ ಅಣ್ಣನ ಸೈಕಲ್ ತಳ್ಳಿಕೊಂಡು ಎಲ್ಲರಿಗಿಂತ ಹಿಂದೆ ಬರುತ್ತಾಳೆ. ತಾವು ಬಾವುಟ ಬಿಟ್ಟು, ಜೀಪಿನಲ್ಲಿ ಅವಳ ಹಿಂದೆ ಬನ್ನಿ, ದೀಪ ಹಾಕಿ. ಕೆಂಪು ಕಾಣದಿದ್ದರೆ ಡಬ್ಬಿ ತನ್ನಿ, ಬಣ್ಣ ನಾನೇ ಹೊಡೆಯುತ್ತೇನೆ. ಕಂಡರೆ ವರದಿ ತಿದ್ದಿಸಿ. ಅದಕ್ಕೂ ಮೊದಲು, ದಯವಿಟ್ಟು, ಬ್ರೇಕ್ ಹಾಕಿ.

ಇಂತಿ,
ಸೈಕಲ್ಲಿಗೆ ಎರಡು ಬೀಗ ಹಾಕಿಯೂ ನಿದ್ದೆ ಬಾರದ
ದ್ಯಾವಪ್ಪನ ತಂಗಿ ರೇಣುಕಾ