ನೀವು ಬಾಗಿಲು ಮರೆತ ನಕ್ಷೆ

ಭಾವ,

ಭದ್ರಾವತಿಯ ನಿಮ್ಮ ಕ್ವಾರ್ಟರ್ಸಿನಲ್ಲಿ ಊಟದ ಮೇಜಿನ ಮೇಲೆ ಆ ನಕ್ಷೆ ಬಿಚ್ಚಿದ ಭಾನುವಾರ ನೆನಪಿದೆಯೇ? ಕಾರ್ಖಾನೆಯಲ್ಲಿ ಯಂತ್ರಗಳ ನಕ್ಷೆ ಬರೆದು ಪಳಗಿದ ಕೈ ನಿಮ್ಮದು. ದುಡಿದು ಸೋತ ಕುದುರೆ, ಕತ್ತೆ, ಎತ್ತುಗಳಿಗೊಂದು ಪುಟ್ಟ ಉದ್ಯಾನ. ನೆರಳು, ನೀರು, ಕಾಯಿಲೆ ಬಿದ್ದವಕ್ಕೆ ಬೇರೆ ಕೊಠಡಿ, ಜನರ ಕಣ್ಣು ತಪ್ಪಿಸಿ ನಿಲ್ಲಲು ಒಂದು ಗೋಡೆ ಕೂಡ ಇತ್ತು.

“ಪ್ರಾಣಿಗಳಿಗೆ ಗೇಟ್ ಇದೆ. ನೋಡೋಕೆ ಬರೋ ಜನಕ್ಕೆ ಬಾಗಿಲೇ ಇಲ್ವಲ್ಲ ಭಾವ?”

ನೀವು ಕನ್ನಡಕ ಏರಿಸಿ ನೋಡಿದಿರಿ. “ಹೌದಲ್ಲೋ, ಮರೆತೇಬಿಟ್ಟೆ ಮಾರಾಯ.” ಪೆನ್ಸಿಲ್ ಕೈಗೆತ್ತಿಕೊಂಡು, “ಒಳಗೆ ಬರಲೇಬೇಕಾ ಅವರು?”

ಅಕ್ಕ ನಕ್ಕ ರಭಸಕ್ಕೆ ಸಾರು ಮೇಜಿಗೆ ಚೆಲ್ಲಿತು. ಕೋಟೆ ಕೇರಿಯ ಬಾಷಾ ಸಾಬರ ಜಟಕಾ ಕುದುರೆ ರಾಣಿಯೇ ಮೊದಲ ಅತಿಥಿ ಎಂದಿರಿ. “ಧೈರ್ಯ ಇಲ್ಲದ ಕಡೆ ಕುದುರೆ ನಿಂತೇ ತೂಕಡಿಸುತ್ತೆ ಕಣೋ. ಅವಳು ಕಾಲು ಚಾಚಿ ಮಲಗಿದ ದಿನ ನಾವು ಪಾಸು.”

ರಾಗಿಗುಡ್ಡದ ಬುಡದಲ್ಲಿ ಜಾಗ ಕೊಡುತ್ತೇನೆಂದ ಶಿವಣ್ಣನವರು, ನಿಮ್ಮ ಕಾರ್ಖಾನೆಯ ಹಳೇ ಫೋರ್‌ಮನ್, ಅಂದು ಸಂಜೆ ಮನೆಗೆ ಬಂದು ಹಾಕಿದ ಷರತ್ತನ್ನು ನೀವೂ ಕೇಳಿದಿರಿ. “ಮಕ್ಕಳಿಗೆ ಕುದುರೆ ಸವಾರಿ ಇಡಿ. ಸವಾರಿ ಇಲ್ಲ ಅಂದ್ರೆ ನನ್ನ ಜಾಗಾನೂ ಇಲ್ಲ ಕಣ್ರೀ.” ನೀವು ಒಪ್ಪಲಿಲ್ಲ. “ಕುದುರೆ ಮಾತು ಕುದುರಲಿಲ್ಲ ಭಾವ” ಎಂದ ತಪ್ಪಿಗೆ ನಾನು ಬಸ್ಸು ಹತ್ತುವವರೆಗೂ ನನ್ನ ಮುಖ ನೋಡಲಿಲ್ಲ. ಆ ಮಳೆಗಾಲ ಮುಗಿಯುವುದರೊಳಗೆ ನಿಮ್ಮ ಎದೆಯೇ... ಬಿಡಿ.

ನಿಮ್ಮ ತಿಥಿಯ ದಿನ ಶಿವಣ್ಣ ಮತ್ತೆ ಅದೇ ಮಾತೆತ್ತಿದರು. ಒಪ್ಪಿಬಿಡಲೇ ಎನ್ನಿಸಿತು. ಇಡೀ ಉದ್ಯಾನವೇ ತಪ್ಪಿಹೋಗುವುದಕ್ಕಿಂತ ಸವಾರಿಯೇ ವಾಸಿಯಲ್ಲವೇ? “ಅವರಿದ್ದಿದ್ರೆ ಒಪ್ತಿದ್ರೇನೋ?” ಎಂದಳು ಅಕ್ಕ, ಎಲೆ ಎತ್ತುತ್ತಾ. ಮೊದಲು ಕುದುರೆ ನೋಡಿ ಎಂದು ಶಿವಣ್ಣನವರನ್ನು ಕೋಟೆಗೆ ಕರೆದೊಯ್ದೆ.

ಬಾಷಾ ಸಾಬರ ಹಿತ್ತಲು ನಿಮಗೆ ಗೊತ್ತಲ್ಲ. ಜಟಕಾ ಮಾರಿ ವರ್ಷವಾಗಿತ್ತು. ಯಾರಾದರೂ ಎಡಕ್ಕೆ ಬಂದು ನಿಂತರೆ ತಾನೇ ಹಿಂದಕ್ಕೆ ಸರಿದು ಗಾಡಿಗೆ ಹೊಂದಿಕೊಳ್ಳುವುದು ರಾಣಿಯ ರೂಢಿ. ಶಿವಣ್ಣ ಎಡಕ್ಕೆ ನಿಂತರು. ಅವಳು ಮೆಲ್ಲಗೆ ಹಿಂದೆ ಸರಿದು, ಇಲ್ಲದ ಗಾಡಿಗೆ ಬೆನ್ನು ಕೊಟ್ಟು, ತಲೆ ತಗ್ಗಿಸಿದಳು.

“ಏನ್ ಸಾಬ್ರೇ ಇದು?”

“ಸವಾರಿ ಬಂತು ಅನ್ಕೊಂಡವಳೆ ಸಾಹೇಬ್ರೆ. ದಿನಾ ಇದೇ.”

ಶಿವಣ್ಣ ಅವಳ ಹೆಗಲ ಹಳೇ ಗಾಯದ ಕಲೆಯನ್ನು ಸವರಿದರು. “ರಿಟೈರಾದ ಮೇಲೆ ನಾನೂ ಸೈರನ್ ಕೂಗಿದ ಕೂಡ್ಲೇ ಎದ್ದು ಅಂಗಿ ಹಾಕ್ಕೊಂಡ್ಬಿಡ್ತಿದ್ದೆ,” ಎಂದರು. “ಸವಾರಿ ಬೇಡ ಬಿಡಿ.”

ಈಗ ಇವತ್ತಿನ ಸುದ್ದಿ. ಶಿವಣ್ಣನವರ ಜಾಗದಲ್ಲಿ ಉದ್ಯಾನ ಎದ್ದಿದೆ, ರಾಣಿಯೂ ಬಂದಿದ್ದಾಳೆ. ನಿಮ್ಮ ನಕ್ಷೆಗೆ ನಾನು ಬಾಗಿಲು ಸೇರಿಸಲಿಲ್ಲ. ಜನ ಬೇಲಿಯ ಹೊರಗೇ ಸುತ್ತುತ್ತಾರೆ. ಬೆಳಿಗ್ಗೆ ಕುಂಸಿಯಿಂದ ಬಂದ ಹೆಂಗಸೊಬ್ಬರು ಗಾಬರಿಯಿಂದ ಕೂಗಿದರು: “ಸಾರ್, ಬೇಗ ಬನ್ನಿ, ಕುದುರೆ ಸತ್ತೋಗಿದೆ.”

ಓಡಿದೆ. ಹೊಂಗೆಯ ನೆರಳಲ್ಲಿ ರಾಣಿ ನಾಲ್ಕೂ ಕಾಲು ಚಾಚಿ ಬಿದ್ದಿದ್ದಳು. ಹೊಟ್ಟೆ ನಿಧಾನವಾಗಿ ಏರಿಳಿಯುತ್ತಿತ್ತು.

“ಸತ್ತಿಲ್ಲ ತಾಯಿ, ಮಲಗಿದೆ.”

ಆಕೆ ನಂಬಲಿಲ್ಲ. ನನಗೂ ನಂಬಲು ಸ್ವಲ್ಪ ಹೊತ್ತು ಬೇಕಾಯಿತು. ರಾಣಿ ಏಳುವವರೆಗೆ ಯಾರೂ ಜೋರಾಗಿ ಮಾತಾಡದಂತೆ ಬೇಲಿ ಹಿಡಿದು ಕಾದೆ.

ನೀವು ಪಾಸು, ಭಾವ.

ನಿಮ್ಮ ಭಾವಮೈದ,
ಸೀನು